ಉಡಿದಾರದಿಂದ ಬೆಳವಣಿಗೆಯ ಗೆರೆಯವರೆಗೆ

ಮಗುವಿನ ಸೊಂಟಕ್ಕೆ ಕಟ್ಟಿದ ಉಡಿದಾರ ಬಿಗಿಯಾಯಿತೆಂದರೆ ಅಜ್ಜಿಗೆ ಸಂತೋಷ. ತೊಟ್ಟಿಲಿಗೆ ಹಾಕಿದ ದಿನ ಸಡಿಲವಾಗಿದ್ದ ದಾರ ಮೂರು ತಿಂಗಳಿಗೆ ಚರ್ಮಕ್ಕೆ ಅಂಟಿಕೊಂಡರೆ, ಅದನ್ನು ಬಿಚ್ಚಿ ಉದ್ದ ಮಾಡಿ ಕಟ್ಟುವುದೇ ಒಂದು ಸಂಭ್ರಮ. ಮಗು ಮೈಹತ್ತುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಕ್ಕಡಿ ಇಲ್ಲದ ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಮಗುವಿನ ಬೆಳವಣಿಗೆಯನ್ನು ಅಳೆಯುತ್ತಿದ್ದ ಸಾಧನ ಈ ಕರಿದಾರವೇ. ಅದು ಒಂದೇ ಕಡೆಗೆ ಎಚ್ಚರಿಕೆ ಕೊಡುತ್ತಿತ್ತು. ಸಡಿಲವಾದರೆ ಚಿಂತೆ, ಬಿಗಿಯಾದರೆ ಖುಷಿ. ವಿಪರೀತ ಬಿಗಿಯಾದರೆ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಕೇಳಬೇಕಾದ ಪ್ರಸಂಗವೂ ಬಂದಿರಲಿಲ್ಲ.

ಆ ಪ್ರಸಂಗ ಈಗ ಬಂದಿದೆ. 2024ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು ಒಂದೂಕಾಲು ಕೋಟಿ ಮಕ್ಕಳು ಸ್ಥೂಲಕಾಯದವರಾಗಿದ್ದರು. 1990ರಲ್ಲಿ ಈ ಸಂಖ್ಯೆ ಸುಮಾರು ನಾಲ್ಕು ಲಕ್ಷ. ಮನೆಯ ಹತ್ತಿರದ ಲೆಕ್ಕವೂ ಇದೆ. ಮಂಗಳೂರಿನ 12ರಿಂದ 15 ವರ್ಷದ 900 ಶಾಲಾ ಮಕ್ಕಳನ್ನು ತೂಗಿ ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 9.9 ಮಕ್ಕಳು ಅತಿತೂಕದವರು, 4.8 ಮಕ್ಕಳು ಸ್ಥೂಲಕಾಯದವರು ಎಂದು ಕಂಡುಬಂತು. ಬಿ.ಸಿ.ರೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಪೇಟೆಯ ತಿಂಡಿ ಆ ದಾರಿಯನ್ನು ಎಂದೋ ಕ್ರಮಿಸಿಬಿಟ್ಟಿದೆ.

ಆದರೆ ‘ಅತಿತೂಕ’ ಎಂದು ಬರೆಯುವ ಮೊದಲು ಎಲ್ಲಿಂದ ‘ಅತಿ’ ಎಂದು ಯಾರಾದರೂ ಗೆರೆ ಎಳೆದಿರಬೇಕಲ್ಲ? ಆ ಗೆರೆ ಯಾವ ದೇಶದ ಯಾವ ಮಕ್ಕಳನ್ನು ನೋಡಿ ಎಳೆದದ್ದು? ಗೆರೆ ದಾಟಿದ ಮಗುವಿಗೆ ವೈದ್ಯರು ಏನು ಮಾಡಬೇಕು? ಮಕ್ಕಳ ಬೊಜ್ಜಿನ ಚಿಕಿತ್ಸೆಗೆ ಮಾರ್ಗಸೂಚಿಗಳನ್ನು ರೂಪಿಸಿದ ಕಥೆಯೆಂದರೆ ಈ ಮೂರು ಪ್ರಶ್ನೆಗಳ ಕಥೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ.

ಆಟಿಯ ನೆನಪು

ಹಳೆಯ ದಕ್ಷಿಣ ಕನ್ನಡಕ್ಕೆ ಗೊತ್ತಿದ್ದ ಶತ್ರು ಹಸಿವು. ತುಳುವರ ಆಟಿ ತಿಂಗಳೆಂದರೆ ಇಂದು ಹೋಟೆಲುಗಳಲ್ಲಿ ಪತ್ರೊಡೆಯ ಉತ್ಸವ. ಹಿಂದೆ ಅದು ಕಣಜ ಬರಿದಾಗಿ, ಮಳೆ ನಿಲ್ಲದೆ, ಕೂಲಿ ಇಲ್ಲದೆ ಕುಳಿತ ತಿಂಗಳು. ತಗಟೆ ಸೊಪ್ಪು, ಕೆಸುವಿನೆಲೆ, ಕಣಿಲೆ, ಬೇಸಿಗೆಯಲ್ಲಿ ಮಣ್ಣು ಮೆತ್ತಿ ಉಳಿಸಿಟ್ಟ ಹಲಸಿನ ಬೀಜ, ಇವು ರುಚಿಗಾಗಿ ತಿಂದವುಗಳಲ್ಲ. ಗೇಣಿಯ ಅಕ್ಕಿ ಧಣಿಯ ಮನೆಗೆ ಅಳೆದುಕೊಟ್ಟ ಮೇಲೆ ಉಳಿದದ್ದರಲ್ಲಿ ವರ್ಷ ನೂಕಬೇಕಿದ್ದ ಒಕ್ಕಲ ಮನೆಗಳಲ್ಲಿ ದುಂಡಗಿನ ಮಗು ಎಂದರೆ ದೇವರು ಕೊಟ್ಟ ಭಾಗ್ಯ. ‘ದಷ್ಟಪುಷ್ಟ’ ಎಂಬ ಮಾತು ಹರಕೆಯಂತೆ ಬಾಯಿಗೆ ಬರುತ್ತಿದ್ದುದು ಇದೇ ಕಾರಣಕ್ಕೆ.

ಹಾಗೆಂದು ಬೊಜ್ಜು ನಮ್ಮ ವೈದ್ಯಶಾಸ್ತ್ರಕ್ಕೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ನಿಂದಿತವಾದ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ಮಾತ್ರ ವಿಸ್ತಾರವಾಗಿ ಚರ್ಚಿಸುತ್ತದೆ. ಎರಡರಲ್ಲಿ ಕೃಶನೇ ಮೇಲು, ಸ್ಥೂಲನ ಚಿಕಿತ್ಸೆ ಕಷ್ಟ ಎಂಬುದು ಅಲ್ಲಿನ ತೀರ್ಮಾನ. ಹೊಟ್ಟೆ ತುಂಬಿದ ಅನುಭವ ಕೊಡುವ, ಆದರೆ ಪುಷ್ಟಿ ಕೊಡದ ಆಹಾರವನ್ನು ಅದು ಸೂಚಿಸುತ್ತದೆ. ಇಂದಿನ ಆಹಾರತಜ್ಞರು ತರಕಾರಿ, ನಾರಿನಂಶ ಎಂದು ಹೇಳುವಾಗ ಮಾಡುವ ವಾದವೂ ಬಹುಪಾಲು ಇದೇ. ಆದರೆ ಅಲ್ಲಿ ಬರುವ ಸ್ಥೂಲ ರೋಗಿ ಅನುಕೂಲವಂತ ವಯಸ್ಕ. ಶಾಲೆಗೆ ಹೋಗುವ ಹುಡುಗನಲ್ಲ.

1974ರ ಭೂಸುಧಾರಣಾ ತಿದ್ದುಪಡಿ ಶಾಸನ ಈ ಜಿಲ್ಲೆಯನ್ನು ಬದಲಿಸಿದಷ್ಟು ರಾಜ್ಯದ ಬೇರೆ ಜಿಲ್ಲೆಗಳನ್ನು ಬದಲಿಸಲಿಲ್ಲ ಎನ್ನುವವರಿದ್ದಾರೆ. ಒಕ್ಕಲುಗಳು ಭೂಮಾಲಿಕರಾದರು. ಮುಂದಿನ ದಶಕಗಳಲ್ಲಿ ಮುಂಬಯಿಯ ಹೋಟೆಲಿನ ಸಂಪಾದನೆ, ಗಲ್ಫಿನ ಹಣ, ಮನೆಯ ಜಗಲಿಯಲ್ಲೇ ಕುಳಿತು ಹೆಂಗಸರು ಕಟ್ಟುವ ಬೀಡಿಯ ಕೂಲಿ, ಎಲ್ಲವೂ ಸೇರಿ ಆಟಿಯ ಹಸಿವನ್ನು ಕಥೆ ಮಾಡಿದವು. ಬತ್ತದ ಗದ್ದೆಗಳು ಅಡಿಕೆ ತೋಟಗಳಾದವು, ಬೆಳ್ತಂಗಡಿಯ ಗುಡ್ಡಗಳಿಗೆ ರಬ್ಬರು ಹತ್ತಿತು. ನಾಟಿಗೆ, ಕೊಯ್ಲಿಗೆ, ದನ ಅಟ್ಟಲು ಓಡುತ್ತಿದ್ದ ಮಕ್ಕಳಿಗೆ ಆ ಕೆಲಸಗಳು ಉಳಿಯಲಿಲ್ಲ. ಎರಡು ಮೈಲಿ ನಡೆದು ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ಮನೆಯ ಮೊಮ್ಮಕ್ಕಳನ್ನು ಈಗ ಅಂಗಳಕ್ಕೇ ಬಂದು ಹತ್ತಿಸಿಕೊಳ್ಳುವುದು ಶಾಲೆಯ ವ್ಯಾನು.

ಊಟವೂ ಬದಲಾಯಿತು. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಂಗುಡೆ, ಬಸಳೆ. ಇದು ಬಡವರ ಊಟವಾಗಿತ್ತು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಮ್ಯಾಕ್‌ಕ್ಯಾರಿಸನ್, ಆಮೇಲೆ ಆಯ್ಕ್ರಾಯ್ಡ್ ಅಕ್ಕಿಯ ಮೇಲೆ ಸಂಶೋಧನೆ ನಡೆಸಿದ್ದರು. ಬತ್ತವನ್ನು ಕುದಿಸಿ ಒಣಗಿಸಿದ ಮೇಲೆ ಕುಟ್ಟಿದ ಅಕ್ಕಿಯಲ್ಲಿ ಬಿ-1 ಜೀವಸತ್ವ ಉಳಿಯುತ್ತದೆ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಉಳಿಯುವುದಿಲ್ಲ ಎಂದು ತೋರಿಸಿಕೊಟ್ಟದ್ದು ಆ ಸಂಶೋಧನಾಲಯ. ಪಡಿತರದಲ್ಲಿ ಕುಚ್ಚಲಕ್ಕಿಯನ್ನೇ ಕೊಡಿ ಎಂಬ ಬೇಡಿಕೆ ಕರಾವಳಿಯಲ್ಲಿ ಮತ್ತೆ ಮತ್ತೆ ಏಳುವುದು ಬರೇ ರುಚಿಯ ಹಟದಿಂದ ಎಂದು ತಿಳಿಯಬೇಕಾಗಿಲ್ಲ. ಆದರೆ ಅದೇ ಮನೆಯ ಮಗು ಸಂಜೆ ಕೇಳುವುದು ಗಂಜಿಯನ್ನಲ್ಲ. ಬೇಕರಿಯ ಪಫ್ಸು, ಬಣ್ಣದ ಪೊಟ್ಟಣದ ಕುರುಕಲು, ಬಾಟಲಿಯ ಸಿಹಿನೀರು.

ಕೆಳಗಿನ ಗೆರೆ, ಮೇಲಿನ ಗೆರೆ

ಸರಕಾರ ಮಕ್ಕಳನ್ನು ತೂಗಲು ಹೊರಟದ್ದು ಬಡಕಲು ಮಗುವನ್ನು ಹುಡುಕುವುದಕ್ಕಾಗಿ. ಬೆಳವಣಿಗೆಯನ್ನು ಒಂದು ಹಾಳೆಯ ಮೇಲೆ ತಿಂಗಳು ತಿಂಗಳು ಗುರುತಿಸಿ ತಾಯಿಯ ಕೈಗೇ ಕೊಡುವ ಕ್ರಮವನ್ನು 1950ರ ದಶಕದ ಕೊನೆಯ ಹೊತ್ತಿಗೆ ನೈಜೀರಿಯದ ಹಳ್ಳಿಯೊಂದರಲ್ಲಿ ಬಳಕೆಗೆ ತಂದವರು ಡೇವಿಡ್ ಮಾರ್ಲೆ ಎಂಬ ಇಂಗ್ಲಿಷ್ ವೈದ್ಯರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟ ಊರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಅಂಗನವಾಡಿಯೂ ಅದರ ತಕ್ಕಡಿಯೂ ಬಣ್ಣದ ಪಟ್ಟಿಗಳ ಕಾರ್ಡೂ ನಾಡಿನ ಮೂಲೆಮೂಲೆಗೆ ಹೋದವು. ಆ ಕಾರ್ಡಿನಲ್ಲಿ ಎಚ್ಚರಿಕೆಯ ಬಣ್ಣಗಳೆಲ್ಲ ಕೆಳಗಡೆ. ಮಗುವಿನ ಚುಕ್ಕೆ ಮೇಲಕ್ಕೆ ಹೋದಷ್ಟೂ ಅಂಗನವಾಡಿ ಟೀಚರಿಗೆ ನೆಮ್ಮದಿ.

ಶಾಲೆಯ ಬಿಸಿಯೂಟದ ಲೆಕ್ಕವೂ ಹೀಗೆಯೇ. 2001ರ ನವೆಂಬರ್ 28ರ ಸುಪ್ರೀಂ ಕೋರ್ಟಿನ ಆದೇಶದ ನಂತರ ಬಂದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಹರಡಿತು. ಕಿರಿಯ ಪ್ರಾಥಮಿಕದ ಮಗುವಿಗೆ 450 ಕ್ಯಾಲೊರಿ, ಹಿರಿಯ ಪ್ರಾಥಮಿಕದವರಿಗೆ 700. ಇವೆಲ್ಲ ಕನಿಷ್ಠ ಮಿತಿಗಳು. ಅಂಥ ಲೆಕ್ಕದ ಅಗತ್ಯ ಮುಗಿದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 2016-18ರ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿಹರೆಯದವರ ಪೈಕಿ ನೂರಕ್ಕೆ 24 ಮಂದಿ ಬಡಕಲು, 5 ಮಂದಿ ಅತಿತೂಕ ಅಥವಾ ಸ್ಥೂಲಕಾಯ. ಎರಡು ಬಗೆಯ ಮಕ್ಕಳೂ ಒಂದೇ ಶಾಲೆಯಲ್ಲಿ, ಕೆಲವೊಮ್ಮೆ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅಂಗನವಾಡಿ, ಶಾಲೆಗಳಿಗೆ ತಂಡ ಕಳುಹಿಸಿ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗ ಹುಡುಕಬೇಕಾದ 30 ತೊಂದರೆಗಳ ಪಟ್ಟಿ ಮಾಡಲಾಯಿತು. ಅದರಲ್ಲಿ ತೀವ್ರ ಅಪೌಷ್ಟಿಕತೆ ಇತ್ತು, ರಕ್ತಹೀನತೆ ಇತ್ತು, ಬೊಜ್ಜು ಇರಲಿಲ್ಲ.

ಮೈಸೂರಿನ ಹೆರಿಗೆ ದಾಖಲೆಗಳು

ಬಡಕಲು ಮಗು ಒಂದು ಸಮಸ್ಯೆ, ಬೊಜ್ಜಿನ ಮಗು ಅದಕ್ಕೆ ತೀರ ವಿರುದ್ಧವಾದ ಇನ್ನೊಂದು ಸಮಸ್ಯೆ ಎಂದೇ ವೈದ್ಯಲೋಕವೂ ಬಹಳ ಕಾಲ ನಂಬಿತ್ತು. ಅವೆರಡರ ನಡುವೆ ನಂಟಿದೆ ಎಂಬ ಗುಮಾನಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಅವರ ತಂಡ ಹರ್ಟ್‌ಫರ್ಡ್‌ಶೈರಿನಲ್ಲಿ ಹಿಂದೆ ಸೂಲಗಿತ್ತಿಯರು ಬರೆದಿಟ್ಟಿದ್ದ ಶಿಶುಗಳ ತೂಕವನ್ನು, ಆ ಶಿಶುಗಳು ಮುದುಕರಾದ ಮೇಲೆ ಬಂದ ಹೃದ್ರೋಗದೊಂದಿಗೆ ಹೋಲಿಸಿ ನೋಡಿತು. ಹುಟ್ಟುವಾಗ ಹಗುರವಾಗಿದ್ದವರಲ್ಲಿ ಹೃದ್ರೋಗ ಹೆಚ್ಚು! ಅದು ಬಿಳಿಯರ ದೇಶದ ಕಥೆ, ನಮ್ಮಲ್ಲಿ ಹೇಗೋ ಎಂಬ ಪ್ರಶ್ನೆ ಬಂದಾಗ ಅಂಥ ಹಳೆಯ ದಾಖಲೆಗಳು ಭಾರತದಲ್ಲಿ ಎಲ್ಲಿ ಸಿಕ್ಕಾವು ಎಂಬ ಹುಡುಕಾಟ ನಡೆಯಿತು.

ಸಿಕ್ಕಿದ್ದು ಮೈಸೂರಿನಲ್ಲಿ. ಜನ ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ತಾಯಿಯ ತೂಕವೂ ಅದರಲ್ಲಿತ್ತು. ಇಂಥ ಬರಹಕ್ಕೆ ಆಗ ತಕ್ಷಣದ ಉಪಯೋಗ ಏನೂ ಇದ್ದಿರಲಾರದು. ಶಿಸ್ತಿನ ದಾದಿಯರು ಶಿಸ್ತಿಗಾಗಿ ಬರೆದರು, ಯಾರೋ ಅದನ್ನು ಹಾಳಾಗದಂತೆ ಕಾಪಾಡಿದರು. ನಮ್ಮ ಆಸ್ಪತ್ರೆಗಳಲ್ಲಿ ಹಳೆಯ ಕಡತಗಳಿಗೆ ಸಾಮಾನ್ಯವಾಗಿ ಒದಗುವ ಗತಿಯನ್ನು ನೆನೆದರೆ ಇದು ಸಣ್ಣ ಮಾತಲ್ಲ.

1990ರ ದಶಕದಲ್ಲಿ ಸಂಶೋಧಕರು ಆ ಹೆಸರುಗಳನ್ನು ಹಿಡಿದು ಮೈಸೂರಿನ ಬೀದಿಗಳಲ್ಲಿ ಮನೆ ಮನೆ ಹುಡುಕಿದರು. ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿ ಸಿಕ್ಕರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, ಮೂರು ಕಿಲೋಗೂ ಮೇಲಿದ್ದವರಲ್ಲಿ ನೂರಕ್ಕೆ 3. ಎರಡು ವರ್ಷದ ನಂತರ ಅದೇ ದಾಖಲೆಗಳು ಇನ್ನೊಂದು ಬಗೆಯ ಅಚ್ಚರಿ ಕೊಟ್ಟವು. ಸಕ್ಕರೆಕಾಯಿಲೆ ಹೆಚ್ಚಿದ್ದುದು ಹುಟ್ಟುವಾಗ ಉದ್ದ ಕಡಿಮೆ ಇದ್ದು ದುಂಡಗಿದ್ದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಎಂಬ ಹೆಸರಿನ ಹೊಸ ಅಧ್ಯಯನ ಆರಂಭವಾಯಿತು. 830 ಬಸುರಿಯರ ರಕ್ತದ ಸಕ್ಕರೆ ನೋಡಿದಾಗ ನೂರಕ್ಕೆ 6.2 ಮಂದಿಗೆ ಗರ್ಭಕಾಲದ ಸಕ್ಕರೆಕಾಯಿಲೆ ಇತ್ತು. ಅಂಥ ತಾಯಂದಿರಿಗೆ ಹುಟ್ಟಿದ ಹೆಣ್ಣುಮಕ್ಕಳು ಐದನೆಯ ವಯಸ್ಸಿಗೆ ಬರುವಾಗ ಅವರ ಚರ್ಮದಡಿಯ ಕೊಬ್ಬು ಉಳಿದವರಿಗಿಂತ ಹೆಚ್ಚಾಗಿತ್ತು. ಬೊಜ್ಜಿನ ಕಥೆ ಮಗುವಿನ ತಟ್ಟೆಯಿಂದಲ್ಲ, ಅದಕ್ಕೂ ಹಿಂದೆ ತಾಯಿಯ ಬಸಿರಿನಿಂದಲೇ ಶುರುವಾಗಬಹುದು ಎಂದಾಯಿತು.

ಪುಣೆಯ ಚಿತ್ತರಂಜನ ಯಾಜ್ಞಿಕ್ ಇದೇ ಕಾಲದಲ್ಲಿ ಭಾರತದ ಶಿಶುವನ್ನು ‘ತೆಳ್ಳಗಿನ ಕೊಬ್ಬಿನ ಕೂಸು’ ಎಂಬರ್ಥದ ಹೆಸರಿನಿಂದ ಕರೆದರು. ತೂಕದಲ್ಲಿ ಇಂಗ್ಲೆಂಡಿನ ಕೂಸಿಗಿಂತ ಕಡಿಮೆ, ಸ್ನಾಯು ಕಡಿಮೆ, ಕೊಬ್ಬು ಮಾತ್ರ ಹೆಚ್ಚು ಕಡಿಮೆ ಅಷ್ಟೇ. 2004ರಲ್ಲಿ ಅವರು ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟು ಒಂದು ಪುಟ್ಟ ಬರಹ ಪ್ರಕಟಿಸಿದರು. ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ದೇಹದ ಕೊಬ್ಬಿನ ಪಾಲು ಯುಡ್ಕಿನ್‌ರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2! ತಕ್ಕಡಿ ಇಬ್ಬರನ್ನೂ ಒಂದೇ ಎಂದಿತ್ತು.

ಯಾರ ಮಕ್ಕಳ ಗೆರೆ?

ಈ ಸೂಚ್ಯಂಕದ ಹುಟ್ಟು ಬೆಲ್ಜಿಯಂ ದೇಶದಲ್ಲಿ. ಖಗೋಳಶಾಸ್ತ್ರಜ್ಞನೂ ಗಣಿತಜ್ಞನೂ ಆಗಿದ್ದ ಕ್ವೆಟ್ಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಕೊಟ್ಟ. ಯಾರನ್ನೂ ಬೊಜ್ಜಿನವರೆಂದು ಕರೆಯುವ ಉದ್ದೇಶ ಅವನಿಗಿರಲಿಲ್ಲ. 1972ರಲ್ಲಿ ಅಮೆರಿಕದ ಆ್ಯನ್ಸೆಲ್ ಕೀಸ್ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ನಾಮಕರಣ ಮಾಡಿದ ಮೇಲೆ ಬಿ.ಎಂ.ಐ. ಎಂಬ ಮೂರಕ್ಷರ ವೈದ್ಯರ ಬಾಯಿಪಾಠವಾಯಿತು. ವಯಸ್ಕರಿಗೆ ಲೆಕ್ಕ ಸುಲಭ: 25 ದಾಟಿದರೆ ಅತಿತೂಕ, 30 ದಾಟಿದರೆ ಸ್ಥೂಲಕಾಯ. ಮಕ್ಕಳಿಗೆ ಇದು ಹೊಂದುವುದಿಲ್ಲ. 130 ಸೆಂಟಿಮೀಟರ್ ಎತ್ತರ, 30 ಕಿಲೋ ತೂಕದ ಮಗುವಿನ ಸೂಚ್ಯಂಕ ಸುಮಾರು 17.7. ವಯಸ್ಕನಿಗೆ ಇದು ಬಡಕಲುತನ. ಒಂಬತ್ತು ವರ್ಷದವನಿಗೆ ಖಂಡಿತ ಅಲ್ಲ. ಪ್ರತಿ ವಯಸ್ಸಿಗೆ, ಹುಡುಗನಿಗೊಂದು ಹುಡುಗಿಗೊಂದು ಬೇರೆ ಗೆರೆ ಬೇಕು.

2000ದಲ್ಲಿ ಟಿಮ್ ಕೋಲ್ ಮತ್ತು ಸಂಗಡಿಗರು ಒಂದು ಉಪಾಯ ಕಂಡುಕೊಂಡರು. ಹದಿನೆಂಟನೆಯ ವಯಸ್ಸಿನಲ್ಲಿ 25 ಮತ್ತು 30ನ್ನು ಮುಟ್ಟುವ ಗೆರೆಗಳನ್ನು ಹಿಂದಕ್ಕೆ, ಎರಡನೆಯ ವಯಸ್ಸಿನವರೆಗೆ ಎಳೆಯುವುದು. ಅದಕ್ಕೆ ಅವರು ಬಳಸಿದ್ದು ಬ್ರೆಜಿಲ್, ಬ್ರಿಟನ್, ಹಾಂಗ್‌ಕಾಂಗ್, ನೆದರ್‌ಲ್ಯಾಂಡ್ಸ್, ಸಿಂಗಾಪುರ, ಅಮೆರಿಕಗಳ ಮಕ್ಕಳ ಅಳತೆ. ಗೆರೆ ‘ಅಂತರರಾಷ್ಟ್ರೀಯ’ ಎನಿಸಿಕೊಂಡಿತು. ಭಾರತದ ಮಗು ಅದರಲ್ಲಿರಲಿಲ್ಲ. ಕಡಿಮೆ ತೂಕದಲ್ಲೇ ಹೆಚ್ಚು ಕೊಬ್ಬು ಹೊರುವ ನಮ್ಮ ಮಕ್ಕಳಿಗೆ ಆ ಗೆರೆ ತೀರ ಮೇಲಿತ್ತು. ಏಷ್ಯದ ವಯಸ್ಕರಿಗೆ 23ರಲ್ಲೇ ಎಚ್ಚರಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು.

ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 1963ರಲ್ಲಿ ಸ್ಥಾಪನೆಯಾದ ಮಕ್ಕಳ ವೈದ್ಯರ ಸಂಸ್ಥೆ. 1972ರಲ್ಲಿ ಅದು ಅಪೌಷ್ಟಿಕತೆಯ ದರ್ಜೆಗಳನ್ನು ನಿಗದಿ ಮಾಡಿತ್ತು. ಅದೇ ಸಂಸ್ಥೆ 2004ರಲ್ಲಿ ಮಕ್ಕಳ ಬೊಜ್ಜಿನ ಬಗ್ಗೆ ಕಾರ್ಯಪಡೆಯ ಮೂಲಕ ತನ್ನ ಮೊದಲ ಮಾರ್ಗಸೂಚಿ ಪ್ರಕಟಿಸಿತು. ಮೂವತ್ತೆರಡು ವರ್ಷಗಳಲ್ಲಿ ಭಯದ ದಿಕ್ಕು ಬದಲಾಗಿತ್ತು, ಅಥವಾ ಎರಡನೆಯ ಭಯವೊಂದು ಜೊತೆಗೂಡಿತ್ತು. ಆದರೆ ನಮ್ಮದೇ ಗೆರೆ ಬೇಕಲ್ಲ? ಅದನ್ನು ಎಳೆಯುವುದರಲ್ಲಿ ಒಂದು ತೊಡಕಿದೆ. ಮಕ್ಕಳು ದಪ್ಪಗಾಗುತ್ತಿರುವ ಕಾಲದಲ್ಲಿ ಮಕ್ಕಳನ್ನು ಅಳೆದು ಸರಾಸರಿ ತೆಗೆದರೆ ಸರಾಸರಿಯೇ ದಪ್ಪಗಾಗುತ್ತದೆ. ನಿನ್ನೆಯ ಅತಿತೂಕ ಇಂದಿನ ಸಾಮಾನ್ಯ ತೂಕವಾಗಿಬಿಡುತ್ತದೆ. ತಪ್ಪು ಕಲ್ಲಿನಿಂದ ತೂಗುವ ಅಂಗಡಿಯಲ್ಲಿ ಎಲ್ಲರಿಗೂ ತೂಕ ಸರಿಯಾಗಿಯೇ ಕಾಣುತ್ತದಲ್ಲ, ಹಾಗೆ.

2015ರ ಹೊಸ ಬೆಳವಣಿಗೆ ನಕ್ಷೆ ರೂಪಿಸಿದವರು ಇದಕ್ಕೆ ಕಂಡುಕೊಂಡ ದಾರಿ ಕುತೂಹಲಕರ. ದೇಶದ ಎಲ್ಲ ವಲಯಗಳಿಂದ 87,022 ಮಕ್ಕಳ ಅಳತೆಗಳು ಅವರ ಮುಂದಿದ್ದವು. ಎತ್ತರಕ್ಕೆ ಹೋಲಿಸಿದರೆ ತೂಕ ಮಿತಿಮೀರಿದ್ದ ಮಕ್ಕಳನ್ನು ಮೊದಲೇ ಲೆಕ್ಕದಿಂದ ಬಿಟ್ಟರು. ಕೊನೆಗೆ 33,148 ಮಕ್ಕಳ ಅಳತೆಯಿಂದ 5ರಿಂದ 18 ವರ್ಷದವರ ನಕ್ಷೆ ಸಿದ್ಧವಾಯಿತು. ಅದರಲ್ಲಿ 25-30ರ ಬದಲು ವಯಸ್ಕರ 23 ಮತ್ತು 27ಕ್ಕೆ ಸಮನಾದ ಎರಡು ಗೆರೆಗಳಿವೆ. ಮೊದಲನೆಯದನ್ನು ದಾಟಿದರೆ ಅತಿತೂಕ, ಎರಡನೆಯದನ್ನು ದಾಟಿದರೆ ಸ್ಥೂಲಕಾಯ. ಹುಡುಗರಲ್ಲಿ ಮೊದಲ ಗೆರೆ ಬೀಳುವುದು ನೂರರಲ್ಲಿ 71ನೆಯ ಸ್ಥಾನಕ್ಕೆ, ಹುಡುಗಿಯರಲ್ಲಿ 75ನೆಯದಕ್ಕೆ. ಅಂದರೆ ಪಾಶ್ಚಾತ್ಯ ಪಟ್ಟಿ ಹಿಡಿದ ವೈದ್ಯರು ‘ಏನೂ ಇಲ್ಲ, ಕರೆದುಕೊಂಡು ಹೋಗಿ’ ಎನ್ನುತ್ತಿದ್ದ ಅನೇಕ ಮಕ್ಕಳು ಈ ನಕ್ಷೆಯಲ್ಲಿ ಗೆರೆಯ ಮೇಲೆ ಕಾಣಿಸಿಕೊಂಡರು.

ಈ ನಕ್ಷೆಗೂ ಒಂದು ಮಿತಿ ಇದೆ. ಅದರ ಹಿಂದಿರುವ ಮಕ್ಕಳು ಮಧ್ಯಮ ಮತ್ತು ಮೇಲ್ವರ್ಗದ ಮನೆಗಳವರು. ಪೂರ್ಣ ಪುಷ್ಟಿ ದೊರೆತ ಮಗು ಹೇಗೆ ಬೆಳೆಯಬಲ್ಲದು ಎಂದು ತಿಳಿಯಲು ಅಂಥವರನ್ನೇ ಆರಿಸುವುದು ಕ್ರಮ, ಸರಿಯೇ. ಆದರೆ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಬೀಡಿ ಕಟ್ಟುವ ತಾಯಿಯ ಮಗನನ್ನು, ಎರಡು ಕಿಲೋ ಚಿಲ್ಲರೆ ತೂಕಕ್ಕೆ ಹುಟ್ಟಿದವನನ್ನು, ಇದೇ ಹಾಳೆಯ ಮೇಲಿಟ್ಟು ನೋಡುವಾಗ ಗೆರೆಯೊಂದನ್ನೇ ನಂಬಿದರೆ ಮೋಸ ಹೋಗಬಹುದು. ದೆಹಲಿಯಲ್ಲಿ 1,492 ಮಂದಿಯನ್ನು ಹುಟ್ಟಿನಿಂದ ಯೌವನದವರೆಗೆ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮುಂದೆ ಸಕ್ಕರೆ ಏರಿದವರು ಎಳವೆಯಲ್ಲಿ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಮೇಲೆ ಮೇಲೆ ಮೈದುಂಬಿಕೊಂಡ ಮಕ್ಕಳು. ಹನ್ನೆರಡರಲ್ಲಿ ಅವರ್‍ಯಾರೂ ಸ್ಥೂಲಕಾಯದ ಗೆರೆ ದಾಟಿರಲಿಲ್ಲ! ಮಗು ನಕ್ಷೆಯಲ್ಲಿ ಎಲ್ಲಿದೆ ಎಂಬುದಕ್ಕಿಂತ ಯಾವ ದಿಕ್ಕಿಗೆ ಹೊರಟಿದೆ ಎಂಬುದು ಮುಖ್ಯ. ದಿಕ್ಕು ತಿಳಿಯಲು ಒಂದು ಚುಕ್ಕೆ ಸಾಲದು, ವರ್ಷ ವರ್ಷವೂ ಅಳೆದ ಚುಕ್ಕೆಗಳು ಬೇಕು. ಶಾಲೆ ಬದಲಿಸಿದಾಗ, ಡಾಕ್ಟರನ್ನು ಬದಲಿಸಿದಾಗ ಕಳೆದುಹೋಗುವುದು ಆ ಹಳೆಯ ಚುಕ್ಕೆಗಳೇ.

ಇಪ್ಪತ್ತಾರು ಗಂಟೆ

2023ರಲ್ಲಿ ಎರಡು ಮಾರ್ಗಸೂಚಿಗಳು ಬಂದವು. ಜನವರಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯದು, ವರ್ಷದ ಕೊನೆಗೆ ಭಾರತದ ಅಕಾಡೆಮಿಯ ಪರಿಷ್ಕೃತ ಆವೃತ್ತಿ. ಅಮೆರಿಕದವರು ಕಾದು ನೋಡುವ ಹಳೆಯ ಕ್ರಮವನ್ನು ಕೈಬಿಟ್ಟು, ಹನ್ನೆರಡು ದಾಟಿದ ಸ್ಥೂಲಕಾಯದ ಮಕ್ಕಳಿಗೆ ಔಷಧಿಯನ್ನು, ಹದಿಮೂರು ದಾಟಿದ ತೀವ್ರ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆಯ ಪರಿಶೀಲನೆಯನ್ನು ಸೂಚಿಸಿದಾಗ ಅಲ್ಲೇ ದೊಡ್ಡ ವಿವಾದವೆದ್ದಿತು. ಭಾರತದ ಮಾರ್ಗಸೂಚಿ ಔಷಧಿ, ಶಸ್ತ್ರಚಿಕಿತ್ಸೆಗಳನ್ನು ಕೊನೆಯ ಮೆಟ್ಟಿಲಲ್ಲಿ ಇಡುತ್ತದೆ. ಮೊದಲು ಕಾರಣ ಹುಡುಕಬೇಕು. ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ಎತ್ತರವಾಗಿಯೂ ಇರುತ್ತದೆ; ದಪ್ಪಗಿದ್ದು ಕುಳ್ಳಗೂ ಇದ್ದರೆ ಥೈರಾಯ್ಡ್ ಅಥವಾ ಬೇರೆ ಗ್ರಂಥಿಯ ದೋಷವಿರಬಹುದು. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ದೊರಗಾಗಿದ್ದರೆ ಇನ್ಸುಲಿನ್ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ. ಅದನ್ನು ಕೊಳೆಯೆಂದು ತಿಳಿದು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಮಗುವನ್ನು ಅಳಿಸುವ ತಾಯಂದಿರು ಇದ್ದಾರೆ. ರಕ್ತದೊತ್ತಡ, ಸಕ್ಕರೆ, ಪಿತ್ತಕೋಶದ ಪರೀಕ್ಷೆ ಆಮೇಲಿನದು. ಚಿಕಿತ್ಸೆಯೆಂದರೆ ಮನೆಯೂಟ, ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ, ಸಾಕಷ್ಟು ನಿದ್ದೆ, ಟಿವಿ-ಮೊಬೈಲಿಗೆ ಮಿತಿ. ಮಗುವಿಗೊಬ್ಬನಿಗೇ ಪಥ್ಯ ಹೇಳಿ ಅಪ್ಪ ಅಮ್ಮ ಗೋಳಿಬಜೆ ತಿನ್ನುತ್ತ ಕುಳಿತರೆ ನಡೆಯದು. ಇಡೀ ಮನೆ ಬದಲಾಗಬೇಕು.

ಇಷ್ಟು ಸರಳವೆ ಎನಿಸಬಹುದು. ಇಲ್ಲಿಯೇ ಇರುವುದು ಗಂಟು. ಇಂಥ ಬದಲಾವಣೆ ಬರೀ ಬುದ್ಧಿವಾದದಿಂದ ಆಗುವುದಿಲ್ಲ, ಮಗು ಮತ್ತು ಮನೆಯವರ ಜೊತೆ ಒಂದು ವರ್ಷದೊಳಗೆ ಒಟ್ಟು 26 ಗಂಟೆಯಾದರೂ ಕುಳಿತು ಮಾತಾಡಿ, ಕಲಿಸಿ, ಆಡಿಸಿ ಮಾಡಿದ ಕಡೆ ಮಾತ್ರ ಫಲ ಕಂಡಿದೆ ಎಂದು ಅಮೆರಿಕದ ತಜ್ಞ ಸಮಿತಿಯೊಂದು 2017ರಲ್ಲಿ ಹೇಳಿತು, 2024ರಲ್ಲಿ ಮತ್ತೆ ಹೇಳಿತು. ಇಪ್ಪತ್ತಾರು ಗಂಟೆಯೆಂದರೆ 1,560 ನಿಮಿಷ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಮಗುವಿಗೆ ಐದು ನಿಮಿಷ ಸಿಕ್ಕಿತು ಎಂದುಕೊಂಡರೆ 312 ಸಲ ಬರಬೇಕು. ಪ್ರತಿ ಸಲ ತಾಯಿಗೆ ಅರ್ಧ ದಿನದ ಬೀಡಿ ಅಥವಾ ತೋಟದ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೇರೆ. ಮಾರ್ಗಸೂಚಿ ಬರೆದವರ ಕೊಠಡಿಯಲ್ಲಿ ಈ ತಾಯಿಗೂ ಒಂದು ಕುರ್ಚಿ ಇರಬೇಕಾಗಿತ್ತು. ಆ ಗಂಟೆಗಳನ್ನು ಆಸ್ಪತ್ರೆ ಕೊಡಲಾರದಾದರೆ ಕೊಡಬಲ್ಲ ಇನ್ನೊಂದು ಜಾಗ ಶಾಲೆ. ಅಲ್ಲಿ ಮಗು ವರ್ಷವಿಡೀ ಇರುತ್ತದೆ; ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳದೆ ಬಿಟ್ಟರೆ ಅರ್ಧ ಚಿಕಿತ್ಸೆ ಆದಂತೆ.

ಮೂಡುಬಿದಿರೆ ಇದಕ್ಕೆ ಎರಡೂ ಬಗೆಯ ಉದಾಹರಣೆ ಕೊಡುತ್ತದೆ. ಸಾವಿರ ಕಂಬದ ಬಸದಿಯ ಊರು ಈಗ ಹಾಸ್ಟೆಲುಗಳ ಊರೂ ಹೌದು. ನಾಡಿನ ನಾನಾ ಜಿಲ್ಲೆಗಳ ಹದಿಹರೆಯದ ಮಕ್ಕಳು ಓದಲು ಬರುತ್ತಾರೆ. ಸ್ವರಾಜ್ಯ ಮೈದಾನದಲ್ಲಿ ಬೆಳಗಾಗುವ ಮೊದಲೇ ಓಡುವ ಹುಡುಗ ಹುಡುಗಿಯರು ಒಂದು ಕಡೆ. ಪ್ರವೇಶ ಪರೀಕ್ಷೆಗಾಗಿ ಬೆಳಗಿನಿಂದ ರಾತ್ರಿಯವರೆಗೆ ಬೆಂಚಿನಿಂದ ಏಳದವರು ಇನ್ನೊಂದು ಕಡೆ. ನಿದ್ದೆ ಕಡಿಮೆಯಾದಷ್ಟೂ, ಟಿವಿ ನೋಡುವುದು ಹೆಚ್ಚಾದಷ್ಟೂ ಮಕ್ಕಳ ತೂಕ ಏರುವ ಸಂಭವ ಹೆಚ್ಚೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು 2007ರಲ್ಲೇ ತೋರಿಸಿದ್ದರು. ರ್‍ಯಾಂಕಿನ ಪಟ್ಟಿಯಲ್ಲಿ ನಿದ್ದೆಯ ಲೆಕ್ಕ ಬರುವುದಿಲ್ಲ.

ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿಂಡಿ ಮಾರಬಾರದೆಂದು 2020ರ ನಿಯಮವಿದೆ. ಐವತ್ತು ಮೀಟರೆಂದರೆ ಎಷ್ಟು ದೂರ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಅವರು ಮೂವತ್ತು ಹೆಜ್ಜೆ ಓಡಿ ಮುಟ್ಟುತ್ತಾರೆ. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ತೂಗುಹಾಕಲು ಹೇಳಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಅದರಲ್ಲಿ ಬರೆದಿರಬೇಕು.

ಮಾತಿನ ಗಾಯದ ಬಗ್ಗೆಯೂ ಎರಡು ಮಾತು. ಆಧುನಿಕ ಕನ್ನಡ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿಕೊಟ್ಟ ಪಂಜೆ ಮಂಗೇಶರಾಯರು (1874-1937) ಹುಟ್ಟಿದ್ದು ಬಂಟ್ವಾಳದಲ್ಲಿ. ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದ ಅವರಿಗೆ ಮಕ್ಕಳ ಕಿವಿಗೆ ಹಿತವಾಗುವ ಮಾತು ಯಾವುದೆಂದು ತಿಳಿದಿತ್ತು. ಅದೇ ಊರಿನ ಶಾಲೆಗಳಲ್ಲಿ ಇಂದು ‘ಡುಮ್ಮ’, ‘ಗುಂಡ’ ಎಂದು ಕರೆಸಿಕೊಳ್ಳುವ ಹುಡುಗ ಆಟದ ಮೈದಾನಕ್ಕೆ ಇಳಿಯುವುದಿಲ್ಲ. ಇಳಿಯದ್ದರಿಂದ ಇನ್ನೂ ದಪ್ಪಗಾಗುತ್ತಾನೆ. ಅಮೆರಿಕದ 1990ರ ದಶಕದ ಶಿಫಾರಸುಗಳು ಮಕ್ಕಳಿಗೆ ‘ಒಬೀಸ್’ ಎಂಬ ಪದ ಬಳಸಲು ಹಿಂದೆಮುಂದೆ ನೋಡಿದವು, 2007ರಲ್ಲಿ ಅದನ್ನು ಒಪ್ಪಿಕೊಂಡವು, 2023ರಲ್ಲಿ ರೋಗದ ಹೆಸರಿನಿಂದ ಮಗುವನ್ನು ಕರೆಯಬೇಡಿ ಎಂದವು. ಕನ್ನಡದಲ್ಲಿ ತಾಯಿಗೆ ಅರ್ಥವಾಗುವ, ಮಗುವಿಗೆ ನೋವಾಗದ ಮಾತು ಯಾವುದೆಂದು ಕೇಳಿದರೆ ಹತ್ತು ಮಂದಿ ಹತ್ತು ಹೇಳುತ್ತಾರೆ. ‘ಸ್ಥೂಲಕಾಯ’ ಪುಸ್ತಕದ್ದು, ‘ಬೊಜ್ಜು’ ಬೈಗುಳದ ಹತ್ತಿರದ್ದು. ‘ಎತ್ತರಕ್ಕೆ ತೂಕ ಸ್ವಲ್ಪ ಮುಂದೆ ಹೋಗಿದೆ’ ಎಂದು ಸುತ್ತಿ ಹೇಳಿದರೆ ತಾಯಿಯ ಮುಖವಾದರೂ ಬಾಡುವುದಿಲ್ಲ.

ನಕ್ಷೆ, ಸೂತ್ರಗಳಿಲ್ಲದ ಮನೆಗಳಿಗೆ ಒಂದು ಸುಲಭ ಅಳತೆಯನ್ನೂ ವೈದ್ಯರು ಈಗ ಹೇಳುತ್ತಾರೆ. ಬ್ರಿಟನ್ನಿನ ಆರೋಗ್ಯ ಸಂಸ್ಥೆ 2022ರಲ್ಲಿ ಇದನ್ನು ಐದು ವರ್ಷ ದಾಟಿದ ಮಕ್ಕಳಿಗೂ ಅನ್ವಯಿಸಿತು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮುಟ್ಟಬಾರದು. ಇದಕ್ಕೆ ಟೇಪೂ ಬೇಡ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು ದಾರ ಹಿಡಿದು ಕತ್ತರಿಸಿ, ಅದನ್ನು ಸರಿಯಾಗಿ ಎರಡು ಮಡಿ ಮಾಡಬೇಕು. ಮಡಿಸಿದ ದಾರ ಹೊಕ್ಕುಳ ಮಟ್ಟದಲ್ಲಿ ಸುತ್ತು ಬಂದು ತುದಿಗೆ ತುದಿ ಸೇರಿ ಇನ್ನೂ ಸ್ವಲ್ಪ ಉಳಿದರೆ ಸರಿ. ಉಳಿಯದೆ ಹೋದರೆ, ಅಥವಾ ಸೇರದೆಯೇ ಹೋದರೆ, ಮಕ್ಕಳ ವೈದ್ಯರಲ್ಲಿಗೆ ಹೋಗುವಾಗ ಮಗುವಿನ ಹಳೆಯ ತೂಕಗಳನ್ನು ಬರೆದ ಚೀಟಿಗಳನ್ನು, ಅಂಗನವಾಡಿಯ ಕಾರ್ಡು ಉಳಿದಿದ್ದರೆ ಅದನ್ನೂ, ಜೊತೆಗೆ ಒಯ್ಯಬೇಕು.